ಸೋಮವಾರದ ಅಭ್ಯಾಸ

ಸೋಮವಾರ ಬೆಳಿಗ್ಗೆ ರೊಟ್ಟಿ ತಿಂದು ಕೈ ತೊಳೆದ ಮೇಲೆ ನನ್ನ ಗಂಡ ಜಗುಲಿಯಲ್ಲಿ ಕೂತು, "ಇವತ್ತು ನಾನಿಲ್ಲ ಅನ್ಕೋ ಕಣೇ" ಎನ್ನುತ್ತಿದ್ದರು. ಆಮೇಲೆ ಸಂಜೆಯವರೆಗೆ ತೆಂಗಿನ ತೋಟದ ವಿಷಯ ಏನು ಕೇಳಿದರೂ ಉತ್ತರವಿಲ್ಲ. ಮೋಟಾರು ಹಾಕುವುದು, ಕಾಯಿ ಕೀಳುವವನನ್ನು ಕರೆಸುವುದು, ಅಟ್ಟ ಹತ್ತಿ ಕಾಯಿ ನೋಡುವುದು, ಎಲ್ಲವನ್ನೂ ನಾನೇ ಮಾಡಬೇಕು.

ಈ ಹುಚ್ಚು ಹತ್ತಿದ್ದು ತುರುವೇಕೆರೆಯ ಲೈಬ್ರರಿಯಿಂದ ತಂದ ಒಂದು ಪುಸ್ತಕದಿಂದ. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ವ್ಯಾಪಾರಿಯ ಸರಕಿನ ಹಡಗು ಮುಳುಗಿತಂತೆ. ಬರಿಗೈಲಿ ಅಥೆನ್ಸ್ ಎಂಬ ಊರು ಸೇರಿದ ಅವನು ಗುರುಗಳನ್ನು ಹುಡುಕಿಕೊಂಡು ಹೋಗಿ ಕಲಿತು, ಕೊನೆಗೆ ಪೇಟೆಯ ಪಕ್ಕದ ಕಂಬಸಾಲಿನ ಪಡಸಾಲೆಯಲ್ಲಿ ತಾನೇ ಪಾಠ ಹೇಳತೊಡಗಿದನಂತೆ. ಆ ಪಡಸಾಲೆಗೆ ಅವರ ಭಾಷೆಯಲ್ಲಿ ಸ್ಟೋವಾ ಎನ್ನುತ್ತಾರೆ, ಅದಕ್ಕೇ ಅವನ ಪಾಠ ಹಿಡಿದವರು ಸ್ಟೋಯಿಕರು. ನಿನ್ನ ಕೈಲಿರುವುದು ಯಾವುದು, ಇಲ್ಲದ್ದು ಯಾವುದು ತಿಳಿದುಕೋ; ಕಳೆದುಹೋಗುವಂಥದ್ದನ್ನು ಮನಸ್ಸಿನಲ್ಲಿ ಮೊದಲೇ ಕಳೆದುಕೊಂಡು ನೋಡು. ಇಷ್ಟೇ ಪಾಠ. ಇದನ್ನು ಮುಂದೆ ಒಬ್ಬ ಗುಲಾಮನೂ ಹೇಳಿದ, ಒಬ್ಬ ಚಕ್ರವರ್ತಿಯೂ ಬರೆದುಕೊಂಡ ಎಂಬುದು ಇವರಿಗೆ ಬಹಳ ಹಿಡಿಸಿತ್ತು.

ನನಗೆ ಹಿಡಿಸಲಿಲ್ಲ. "ಬುಡ್ರೀ, ನಿಮ್ಮ ಬಾಯಲ್ಲಿ ಒಂದಾದ್ರೂ ಒಳ್ಳೇ ಮಾತು ಬತ್ತದಾ? ಇಲ್ದೇ ಇರೋರಿಗೆ ಕಾಫಿನೂ ಇಲ್ಲ" ಎಂದಿದ್ದೆ.

"ಕಾಫಿ ಮಟ್ಟಿಗೆ ಇದೀನಿ ಕಣೇ" ಎಂದು ಲೋಟಕ್ಕೆ ಕೈ ಚಾಚಿದ್ದರು.

ಅವರು ಹೋದದ್ದು ಒಂದು ಬುಧವಾರ, ತೋಟದಲ್ಲಿ, ಎದೆ ಹಿಡಿದುಕೊಂಡು. ಅದಕ್ಕೆ ಆರು ತಿಂಗಳ ಮುಂಚೆ ಅವರೇ ಅಟ್ಟಕ್ಕೆ ತುಂಬಿದ್ದ ಕಾಯಿ ಹಾಗೇ ಇತ್ತು. ನಮ್ಮ ಕಡೆ ಕಾಯಿ ಸುಲಿಯದೆ ವರ್ಷದಷ್ಟು ಅಟ್ಟದಲ್ಲಿ ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು. ಆತುರಪಟ್ಟು ಒಡೆದರೆ ಕೊಬ್ಬರಿ ಚೂರಾಗುತ್ತದೆ. ಅವರ ಕೈಯ ಕೊನೆಯ ಕಾಯಿ ಚೂರಾಗಬಾರದು. ಆ ತಿಂಗಳುಗಳಲ್ಲಿ ನನಗಿದ್ದ ಚಿಂತೆ ಅದೊಂದೇ. ಆ ವ್ಯಾಪಾರಿಯ ಮಾತು ಇಷ್ಟು ಕಾಲ ಯಾಕೆ ಉಳಿಯಿತೆಂದು ಆಗ ಸ್ವಲ್ಪ ಅರ್ಥವಾಯಿತು. ಕಳೆದುಕೊಂಡವರು ಎಲ್ಲ ಕಾಲದಲ್ಲೂ ಇರುತ್ತಾರೆ, ಮಾರನೆಯ ಬೆಳಿಗ್ಗೆ ಅವರ ಕೈಗೂ ಒಂದು ಕೆಲಸ ಬೇಕು.

ಕಾಯಿ ಒಡೆಯುವ ಹೆಂಗಸು ಎರಡು ಸಲ ಬಂದು, ಆಗಿದೆ, ಇಳಿಸಿಬಿಡಿ ಎಂದಳು. ಎರಡು ಸಲವೂ ನಾನು ಏಣಿ ಹತ್ತಿ, ಮೂಲೆಮೂಲೆಯ ಕಾಯಿ ಕಿವಿಗೆ ಹಿಡಿದು, ಇನ್ನೂ ಇಲ್ಲವೆಂದು ಕಳಿಸಿದೆ. ಹೋದ ವಾರ ನಾನೇ ಹೇಳಿಕಳಿಸಿದೆ. ಎರಡು ದಿನ ಕೆಲಸ ನಡೆಯಿತು. ಒಡೆದದ್ದೆಲ್ಲ ಇಡೀ ಉಂಡೆಯಾಗಿಯೇ ಬಂತು.

"ಯಜಮಾನ್ರು ಇದ್ದಿದ್ರೂ ಹಿಂಗೇ ಬತ್ತಿತ್ತು ಕಣಕ್ಕ" ಎಂದಳು.

ಹೌದು, ಅವರು ಕಲಿಸಿದ್ದೆಲ್ಲ ನನಗೆ ಬಂದಿದೆ. ಆದರೆ ಅವರಿಲ್ಲದಿರುವುದನ್ನು ಕಲಿಯುವಾಗಲೆಲ್ಲ ಅವರು ಜಗುಲಿಯಲ್ಲೇ ಇದ್ದರು. ಮಾತಾಡದಿದ್ದರೂ, ನಾನು ತಪ್ಪಿದರೆ ಕೆಮ್ಮುತ್ತಿದ್ದರು.

ಆ ಸಂಜೆ ರಾಶಿಯಿಂದ ಚೆನ್ನಾಗಿದ್ದ ಒಂದು ಉಂಡೆ ಆರಿಸಿ, ಸೆರಗಿನಲ್ಲಿ ಒರೆಸಿ, ಅವರಿಗೆ ತೋರಿಸೋಣವೆಂದು ಜಗುಲಿಗೆ ಹೊರಟೆ. ಬಾಗಿಲು ದಾಟುವವರೆಗೂ ನೆನಪಾಗಲಿಲ್ಲ.