ಗೀಟಿನ ಮನೆಗೆ ಬಂದ ಅತಿಥಿ

ಗೋಡೆಪತ್ರಿಕೆ ಓದುವ ಗೆಳೆಯರೇ, ಇವತ್ತು ನಮ್ಮ ಕಾಲೇಜಿನ ಕಂಪ್ಯೂಟರ್ ರೂಮಿನಲ್ಲಿ ಒಬ್ಬ ಹಿರಿಯರಿಗೆ ಅವಮಾನವಾಯಿತು. ಮಾಡಿದ್ದು ನಾನು, ನನ್ನ ಸಹಪಾಠಿ ಇಮ್ತಿಯಾಜ್ ಮತ್ತು ಅಲ್ಲಿನ ಕಂಪ್ಯೂಟರ್ ಎಂಬ ಯಂತ್ರ.

ನಮ್ಮ ಪ್ರಾಜೆಕ್ಟ್ ಎಂದರೆ ಪರದೆಯ ಮೇಲೆ ಬರೀ ಗೀಟುಗಳಲ್ಲಿ ಬರೆದ ಒಂದು ಮನೆ. ಕೈಯಲ್ಲಿರುವ ಜಾಯ್‌ಸ್ಟಿಕ್ ಎಂಬ ಪುಟ್ಟ ಕೋಲನ್ನು ಮುಂದಕ್ಕೆ ನೂಕಿದರೆ ನಾವೇ ಆ ಮನೆಯೊಳಗೆ ನಡೆದಂತೆ ಕಾಣಬೇಕು. ಇದನ್ನು ಮುಂದುವರಿಸಲು ಬಿಡುವುದೋ ಬೇಡವೋ ಎಂದು ನೋಡಲು ಹರಿಹರದಿಂದ ಆಡಳಿತ ಮಂಡಳಿಯ ಶಿವಯೋಗಪ್ಪನವರು ಬಂದಿದ್ದರು.

ಕುರ್ಚಿಯಲ್ಲಿ ಕೂತವರು ಬಲಗಾಲನ್ನು ತುಸು ಮುಂದಿಟ್ಟು ಕೋಲು ನೂಕಿದರು. ಹೊಸ ಮನೆಯಲ್ಲವೇ! ಚಿತ್ರ ಅಲುಗಲಿಲ್ಲ. ಒಂದೊಂದು ಹೆಜ್ಜೆಗೂ ಯಂತ್ರ ಇಡೀ ಮನೆಯನ್ನು ಹೊಸದಾಗಿ ಬರೆಯಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಅವರು ಮತ್ತೆ ನೂಕಿದರು, ಇನ್ನೊಮ್ಮೆ ನೂಕಿದರು. ಯಂತ್ರ ಎಲ್ಲವನ್ನೂ ನೆನಪಿಟ್ಟುಕೊಂಡು ಒಮ್ಮೆಲೇ ತೀರಿಸಿತು: ಬಾಗಿಲು, ಪಡಸಾಲೆ, ಅಡುಗೆಮನೆ, ಗೋಡೆ, ಹಿತ್ತಲು.

“ಏನ್ರಪ್ಪಾ, ಮನಿಗೆ ಬಂದೋರಿಗೆ ಬರ್ರಿ, ಕೂಡ್ರಿ ಅನ್ನೋದು ಬ್ಯಾಡ್ವಾ? ಸೀದಾ ಹಿತ್ಲಿಗೆ ದಬ್ಬೋದಾ?” ಎಂದರು.

“ನೀವು ಅವಸರ ಮಾಡಿದ್ರಿ ಯಜಮಾನ್ರೇ, ಅದಿನ್ನೂ ಬರೀತಿತ್ತು,” ಎಂದ ಇಮ್ತಿಯಾಜ್.

“ಹಂಗಂತ ಅದು ನನಗೆ ಹೇಳ್ತಾ? ತಡೀರಿ ಅಂದಿದ್ರೆ ಬಾಗ್ಲಾಗೇ ನಿಂತಿರ್ತಿದ್ದೆ.”

ಸರಿಮಾಡಿ ನಾಳೆ ತೋರಿಸಿ ಎಂದು ಹೇಳಿ ಹೋದರು. ನಾವು ಸಂಜೆಯವರೆಗೆ ಕೂತು, ಪರದೆಯ ಮೇಲೆ ‘ಬರ್ರಿ, ಕೂಡ್ರಿ’ ಎಂದು ಮೂಡುವಂತೆ ಮಾಡಿದೆವು. ಆದರೆ ಕನ್ನಡ ಅಕ್ಷರವನ್ನೂ ಯಂತ್ರ ಗೀಟು ಗೀಟಾಗಿಯೇ ಬರೆಯಬೇಕು, ಅದಕ್ಕೆ ಮನೆ ಬರೆಯುವುದಕ್ಕಿಂತಲೂ ಹೆಚ್ಚು ಹೊತ್ತು ಬೇಕು. ಹಾಗಾಗಿ ಈಗ ಅತಿಥಿ ಹಿತ್ತಲು ಮುಟ್ಟಿದ ಮೇಲೆ ಅದು ಬಹಳ ಮರ್ಯಾದೆಯಿಂದ ಬರ್ರಿ, ಕೂಡ್ರಿ ಎನ್ನುತ್ತದೆ.