ಫೈನಲ್ ಬಿಟ್ಟು ಗುಂಡಿ ತೋಡಿದೆವು

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ರಾಜಾಜಿನಗರದ ನಮ್ಮ ಪುಟ್ಟ ಚರ್ಚಿಗೆ ಒಂದು ಬಾಲ್ ಬ್ಯಾಡ್ಮಿಂಟನ್ ತಂಡವಿತ್ತು. ನಾವು ಐದು ಜನ, ಎಲ್ಲರೂ ವರ್ಕ್‌ಶಾಪುಗಳಲ್ಲಿ ದುಡಿಯುವವರು. ಸಂಜೆ ಚರ್ಚಿನ ಹಿಂದಿನ ಅಂಗಳದಲ್ಲಿ ಆಡುತ್ತಿದ್ದೆವು. ಚರ್ಚಿನ ಕಸ ಗುಡಿಸುತ್ತಿದ್ದ ಅಜ್ಜಿ ನಮಗೆ ಕುಡಿಯಲು ನೀರು ತಂದಿಡುತ್ತಿದ್ದಳು. ಉಣ್ಣೆಯ ಚೆಂಡು ಮೋರಿಗೆ ಬಿದ್ದರೆ ಬೈಯುತ್ತಲೇ ಎತ್ತಿ, ತೊಳೆದು ಒಣಗಿಸುತ್ತಿದ್ದಳು. ಅವಳಿಗೆ ತನ್ನವರು ಎನ್ನಲು ಯಾರೂ ಇರಲಿಲ್ಲ.

ಒಂದು ಮಳೆಗಾಲ ಚರ್ಚುಗಳ ನಡುವಿನ ಪಂದ್ಯಾವಳಿಯಲ್ಲಿ ಫೈನಲ್ ತಲುಪಿದೆವು. ವಿಜಯನಗರದಲ್ಲಿ, ಶನಿವಾರ ಮಧ್ಯಾಹ್ನ ಮೂರಕ್ಕೆ ಆಟ. ನಮ್ಮ ಕ್ಯಾಪ್ಟನ್ನನ್ನು ನೋಡಲು ದೊಡ್ಡ ಕಾರ್ಖಾನೆಯೊಂದರಿಂದ ಜನ ಬರುವವರಿದ್ದರು. ಆಟ ಮೆಚ್ಚಿದರೆ ಅವನಿಗೆ ಅವರ ತಂಡದಲ್ಲಿ ಜಾಗ, ಜೊತೆಗೆ ಪರ್ಮನೆಂಟ್ ಕೆಲಸ. ಆಗ ಅವನು ಎರಕದ ಶೆಡ್ಡೊಂದರಲ್ಲಿ ದಿನಗೂಲಿ.

ಶುಕ್ರವಾರ ಬೆಳಿಗ್ಗೆ ಅಜ್ಜಿ ತೀರಿಕೊಂಡಳು. ಅವಳ ಗುಡಿಸಲು ಸೋರುತ್ತಿತ್ತು. ಶನಿವಾರದ ಹೊತ್ತಿಗೆ ದೇಹವನ್ನು ಇನ್ನು ಇಟ್ಟುಕೊಳ್ಳುವಂತಿರಲಿಲ್ಲ. ಅಷ್ಟರಲ್ಲಿ, ಸ್ಮಶಾನದಲ್ಲಿ ಗುಂಡಿ ತೋಡುವವನು ಜ್ವರದಿಂದ ಮಲಗಿದ್ದಾನೆಂದು ತಿಳಿಯಿತು. ಗುಂಡಿ ನಾವೇ ತೋಡುತ್ತೇವೆ, ಆಟ ಮುಂದೂಡಿಸಿ ಎಂದು ಕೇಳಲು ನಾವು ಐವರೂ ಚರ್ಚಿನ ಕಾರ್ಯದರ್ಶಿಯ ಮನೆಗೆ ಹೋದೆವು.

"ಹೆಣ ಎಲ್ಲಿಗೂ ಓಡೋಗಲ್ಲ," ಎಂದರು ಅವರು. "ಮ್ಯಾಚ್ ಮುಗಿಸ್ಕೊಂಡು ಹೋಗಿ."

"ನಿಮ್ಮ ಮನೇಲಾಗಿದ್ರೆ ಕಾಯ್ತಿದ್ರಾ ಸಾರ್?" ಎಂದ ಕ್ಯಾಪ್ಟನ್.

ಅವರು ಬಾಗಿಲು ಹಾಕಿಕೊಂಡರು.

ಹೊರಗೆ ಬಂದು ನಾನೇ ಹೇಳಿದೆ: "ಗುರು, ನೀನು ಆಟಕ್ಕೆ ಹೋಗು. ನಾವು ನಾಲ್ವರು ನೋಡ್ಕೋತೀವಿ."

"ನಾಲ್ಕು ಜನ ಇಲ್ಲಿ ತೋಡ್ತಿದ್ರೆ ನಾನೊಬ್ಬ ಅಲ್ಲಿ ಏನಾಡ್ಲಿ?" ಎಂದು ಅವನು ಹಾರೆ ಹುಡುಕಲು ಹೊರಟ.

ಸ್ಮಶಾನದ ಆ ಮಣ್ಣನ್ನು ನಾನು ಮರೆತಿಲ್ಲ. ಎರಡಡಿ ಇಳಿಯುವಷ್ಟರಲ್ಲಿ ನೀರು ಒಸರತೊಡಗಿತು. ಇಬ್ಬರು ಅಗೆದರೆ ಇಬ್ಬರು ಬಕೆಟ್ಟಿನಲ್ಲಿ ನೀರೆತ್ತುತ್ತಿದ್ದೆವು, ಒಬ್ಬ ಕುಸಿಯುವ ಅಂಚಿಗೆ ಹಲಗೆ ಒತ್ತಿ ನಿಲ್ಲುತ್ತಿದ್ದ. ಕೈ ಸೋತವನ ಜಾಗಕ್ಕೆ ಇನ್ನೊಬ್ಬ ತಾನಾಗಿ ಬರುತ್ತಿದ್ದ, ಯಾರೂ ಕರೆಯಬೇಕಾಗಿರಲಿಲ್ಲ. ನಾಲ್ಕು ಗಂಟೆಗೆ ಪಾಸ್ಟರ್ ಅಯ್ಯನವರು ಸೈಕಲ್ಲಿನಲ್ಲಿ ಬಂದು ಪ್ರಾರ್ಥನೆ ಮಾಡಿದರು, ಅಜ್ಜಿಯನ್ನು ಮಣ್ಣು ಮಾಡಿದೆವು. ಚರ್ಚಿನ ಸಭೆಯಿಂದ ಬೇರೆ ಒಂದು ನರಪಿಳ್ಳೆಯೂ ಬರಲಿಲ್ಲ. ಎಲ್ಲರೂ ಮೈದಾನದಲ್ಲಿ ನಮಗಾಗಿ ಕಾಯುತ್ತಿದ್ದರಂತೆ!

ಎದುರಾಳಿಗಳಿಗೆ ಷೀಲ್ಡು ಆಡದೆಯೇ ಸಿಕ್ಕಿತು. ಮರುದಿನ ಆರಾಧನೆಯ ಕೊನೆಗೆ ಕಾರ್ಯದರ್ಶಿ ಎದ್ದು, ಸಭೆಯ ಮಾನ ಕಳೆದವರೆಂದು ನಮ್ಮ ಐವರ ಹೆಸರನ್ನೂ ಓದಿದರು. ತಂಡ ರದ್ದಾಯಿತು. ನಮ್ಮ ಜೊತೆ ಕೆಸರಿನಲ್ಲಿ ನಿಂತಿದ್ದ ಅಯ್ಯನವರು ತಲೆ ತಗ್ಗಿಸಿ ಕೂತಿದ್ದರು. ನನ್ನ ಮೈ ಉರಿದುಹೋಯಿತು. ಸೇವೆ, ಸೇವೆ ಎಂದು ವಾರವಾರ ಕೇಳಿಸಿಕೊಂಡವರಲ್ಲಿ ಒಬ್ಬರಾದರೂ ಬಾಯಿ ಬಿಡಬಾರದೇ? ಕಾರ್ಖಾನೆಯವರು ಮತ್ತೆ ಬರಲಿಲ್ಲ. ಕ್ಯಾಪ್ಟನ್ ಎರಕದ ಶೆಡ್ಡಿನಲ್ಲೇ ಉಳಿದ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನ ಬಂದು ಚರ್ಚಿನ ಕಸ ಗುಡಿಸತೊಡಗಿದ. ಅದನ್ನೂ ಏಕೆಂದು ಯಾರೂ ಕೇಳಲಿಲ್ಲ.

ದಶಕದ ಕೊನೆಗೆ ಚರ್ಚಿನ ಹೊಸ ಕಟ್ಟಡದ ಪ್ರತಿಷ್ಠೆ ನಡೆಯಿತು. ಅದೇ ಕಾರ್ಯದರ್ಶಿ ಮೈಕಿನ ಮುಂದೆ ನಿಂತು, ಅನಾಥ ಮುದುಕಿಗಾಗಿ ಫೈನಲ್ ಬಿಟ್ಟುಕೊಟ್ಟ ಐವರ ಕತೆ ಹೇಳಿದರು. "ತ್ಯಾಗ ಅಂದ್ರೆ ಇದು! ನಮ್ಮ ಸಭೆ ಕಲಿಸಿದ್ದು ಇದನ್ನೇ!" ಜನ ಚಪ್ಪಾಳೆ ತಟ್ಟಿದರು.

ನಾನು ಎದ್ದು ನಿಂತೆ. ಪಕ್ಕದಲ್ಲಿದ್ದ ಕ್ಯಾಪ್ಟನ್ ಅಂಗಿ ಹಿಡಿದೆಳೆದ. "ಕೂತ್ಕೊಳೋ ಮಗಾ. ಅಜ್ಜಿಗೋಸ್ಕರ ಮಾಡಿದ್ದು ಕಣೋ ನಾವು."

ನಾನು ಕೂರಲಿಲ್ಲ. "ಅವತ್ತು ಬಾಗಿಲು ಹಾಕ್ಕೊಂಡಿದ್ದು ಯಾರು ಸಾರ್? ನಮ್ಮ ಹೆಸರು ಓದಿ ಛೀಮಾರಿ ಹಾಕಿದ್ದು ಯಾರು?"

ಕಾರ್ಯದರ್ಶಿ ನೀರು ಕುಡಿದು, ಕಾರ್ಯಕ್ರಮಕ್ಕೆ ತಡವಾಗುತ್ತಿದೆ ಎಂದರು. ಆಗ ಅಯ್ಯನವರು ನಿಧಾನವಾಗಿ ಎದ್ದರು. "ಅವನು ಹೇಳ್ತಿರೋದು ನಿಜ. ಅವತ್ತು ನಾನೂ ಹೆದರಿ ಸುಮ್ನಿದ್ದೆ. ನನ್ನನ್ನ ಕ್ಷಮಿಸಿ," ಎಂದು ನಮ್ಮ ಸಾಲಿನತ್ತ ಕೈ ಮುಗಿದರು.

ಅಯ್ಯನವರ ಮೇಲಿನ ಸಿಟ್ಟು ಅಲ್ಲಿಗೇ ಕರಗಿತು. ಚಪ್ಪಾಳೆ ತಟ್ಟಿದವರ ಮೇಲಿನದು ಇವತ್ತಿಗೂ ಇದೆ. ಅದನ್ನು ಬಿಡುವ ಮನಸ್ಸು ನನಗಿನ್ನೂ ಬಂದಿಲ್ಲ.