ಸ್ಲೋಪ್ ಅಲ್ಲ, ಟಿಲ್ಟ್

ಮೇಸ್ತ್ರಿಯ ಬಲಗೈಯ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಸೀಳಿನೊಳಗೆ ಕೂತ ಸಿಮೆಂಟು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಊರು ಬಾಗಲಕೋಟೆಯ ಕಡೆ. ಇಪ್ಪತ್ತು ವರ್ಷದಿಂದ ಸಂತೆಕಟ್ಟೆಯ ಬಾಡಿಗೆ ಕೋಣೆಯಲ್ಲಿದ್ದು, ಉಡುಪಿ, ಮಣಿಪಾಲ, ಕಾಪು ಎಂದು ಕೆಲಸ ಸಿಕ್ಕಲ್ಲಿ ಗೋಡೆ ಕಟ್ಟುತ್ತಿದ್ದರು. ಮಧ್ಯಾಹ್ನ ರೊಟ್ಟಿ ತಿಂದು ಕಲ್ಲಿಗೆ ಒರಗಿದರೆ ಎರಡೇ ನಿಮಿಷಕ್ಕೆ ನಿದ್ದೆ. ಏಳುವಾಗ "ಸಾಕಾತ್ರೀ" ಅನ್ನುತ್ತಿದ್ದರು. ನಿದ್ದೆಯೋ ದುಡಿಮೆಯೋ, ಯಾವುದು ಸಾಕಾಯಿತು ಎಂದು ನಾನು ಕೇಳಿದವಳಲ್ಲ.

ಡಿಪ್ಲೊಮಾ ಮುಗಿಸಿ ನಾನು ಸೂಪರ್‌ವೈಸರ್ ಆಗಿ ಸೇರಿದ ಮೊದಲ ವರ್ಷ. ಮಣಿಪಾಲದಲ್ಲಿ ಗುಡ್ಡ ಕಡಿದ ಜಾಗದಲ್ಲಿ ಮಣ್ಣು ಜಾರದಂತೆ ಕಲ್ಲಿನ ತಡೆಗೋಡೆ ಕಟ್ಟಿಸುತ್ತಿದ್ದೆವು. ವಾರವಿಡೀ ಮಳೆ ಸುರಿದ ಮೇಲೆ, ಒಂದು ಬೆಳಿಗ್ಗೆ ಮೇಸ್ತ್ರಿ ತೂಗುಗುಂಡು ಇಳಿಬಿಟ್ಟು ನೋಡಿ ನನ್ನನ್ನು ಕರೆದರು. ಗೋಡೆಯ ತಲೆ ಹಿಂದಿನ ದಿನಕ್ಕಿಂತ ನಾಲ್ಕು ಬೆರಳು ಮುಂದೆ ಬಂದಿತ್ತು. ಅದರ ಬುಡದಲ್ಲೇ ಚರಂಡಿ ಅಗೆಯಲು ಆರು ಮಂದಿ ಇಳಿದಿದ್ದರು.

ಗೋಡೆಗೆ ಸ್ಲೋಪ್ ಇದೆ ಎಂದು ಎಂಜಿನಿಯರಿಗೆ ಇಂಗ್ಲಿಷಿನಲ್ಲಿ ಮೆಸೇಜು ಮಾಡಿದೆ. ಕೂಡಲೇ ಫೋನ್ ಬಂತು. "ಎಂತ ಮಾರಾಯ್ರೆ, ಸ್ಲೋಪ್ ಡ್ರಾಯಿಂಗಿನಲ್ಲೇ ಉಂಟಲ್ವಾ? ಕೆಲಸ ಮುಂದುವರಿಸಿ."

"ಏನಂತ ಬರದ್ರಿ?" ಮೇಸ್ತ್ರಿ ಕೇಳಿದರು.

"ಸ್ಲೋಪ್ ಅಂತ."

"ಸ್ಲೋಪ್ ನಾವು ಕೊಡೂದ್ರೀ. ನೀರು ಹರೀಲಿ ಅಂತ ಟೆರೇಸಿಗೆ ಕೊಡ್ತೀವಿ, ಈ ಗೋಡಿಗೂ ಹಿಂದಕ್ಕ ಕೊಟ್ಟೀವಿ. ಈಗ ಇದು ತಾನ ಮುಂದಕ್ಕ ವಾಲಾಕ ಹತ್ತೇತಿ. ಅದಕ್ಕ ಇಂಗ್ಲಿಷಿನ್ಯಾಗ ಬ್ಯಾರೆ ಶಬ್ದ ಇಲ್ಲೇನು?"

"ಟಿಲ್ಟ್" ಎಂದೆ. ಅಷ್ಟು ಹೊತ್ತೂ ನನಗೆ ಎರಡೂ ಒಂದೇ ಆಗಿದ್ದವು.

"ಅದನ್ನ ಬರೀರಿ."

ಅಷ್ಟಂದು, ಯಾರ ಅಪ್ಪಣೆಗೂ ಕಾಯದೆ, ಆರೂ ಮಂದಿಯನ್ನು ಬೈದು ಮೇಲೆ ಹತ್ತಿಸಿದರು.

ನಾನು ಮತ್ತೆ ಬರೆದೆ. ಎಂಜಿನಿಯರ್ ಉಡುಪಿಯಿಂದ ಹೊರಟರು. ಅವರ ಕಾರು ಬಂದು ಮುಟ್ಟುವ ಮೊದಲೇ ಗೋಡೆ ಕುಸಿದು ಚರಂಡಿ ಮುಚ್ಚಿಹೋಗಿತ್ತು. ಅಗೆಯುತ್ತಿದ್ದ ಹೆಂಗಸೊಬ್ಬಳು ತನ್ನ ಬುಟ್ಟಿ ಎಲ್ಲಿ ಎಂದು ಕೇಳುತ್ತಲೇ ಇದ್ದಳು.

ಸೂಪರ್‌ವೈಸರ್ ಸಕಾಲಕ್ಕೆ ಎಚ್ಚರಿಸಿದ್ದರಿಂದ ಜೀವಹಾನಿ ತಪ್ಪಿತು ಎಂದು ಎಂಜಿನಿಯರ್ ವರದಿ ಬರೆದರು. ನನ್ನ ಕೆಲಸ ಖಾಯಂ ಆಯಿತು. ಮೇಸ್ತ್ರಿಯ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ಸೇರಿಸಿ ಎಂದು ನಾನೂ ಹೇಳಲಿಲ್ಲ. ನಾಚಿಕೆಯಿಂದ ಅವರ ಮುಂದೆ ಇದನ್ನು ಒಪ್ಪಿಕೊಂಡಾಗ, "ಬಿಡ್ರೀ, ಮತ್ತ ಕಟ್ಟಬೇಕಲ್ಲ ಗೋಡಿ" ಎಂದು ಮಣ್ಣಿನೊಳಗಿನ ಕಲ್ಲು ಆರಿಸಲು ಹೋದರು.

ಕಳೆದ ತಿಂಗಳು ಅವರ ಮಗಳ ಫೋನ್ ಬಂತು. "ಅಪ್ಪ ತೀರಿಕೊಂಡ್ರುರೀ. ನಿಮ್ಮ ನಂಬರ್ ಅವರ ಫೋನಿನ್ಯಾಗಿತ್ತು." ದಮ್ಮು ಹೆಚ್ಚಾಗಿ, ಕೆಲಸ ಬಿಟ್ಟು ಊರಿಗೆ ಹೋಗಿದ್ದರಂತೆ. ಗೋಡೆಯ ಸಂಗತಿಯನ್ನೆಲ್ಲ ಆಕೆಗೆ ಹೇಳಿದೆ. ಮನೆಯಲ್ಲಿ ಅವರು ಅದರ ಮಾತೇ ಎತ್ತಿರಲಿಲ್ಲ. "ಇದನ್ನ ಕನ್ನಡದಾಗ ಬರದು ಕಳಸ್ತೀರೇನ್ರೀ? ಅವ್ವಗ ಓದಿ ಹೇಳ್ತೀನಿ" ಎಂದಳು.

ಮರುದಿನ ರಜೆ ಹಾಕಿ ಬರೆಯಲು ಕೂತೆ. ಆರು ಮಂದಿಯನ್ನು ಮೇಲೆ ಹತ್ತಿಸಿದವರು ಅವರು, ನಾನಲ್ಲ ಎಂಬಲ್ಲಿಂದ ಶುರು ಮಾಡಿದೆ.